ಲೈನಲ್ಲಿರಿ

ಬೇರೆಯವರು ಕಣ್ಣು ಮುಚ್ಚಿದ ಮೇಲೆಯೇ ಶಾಂತಿ ಸರ್‌ಗೆ ಕೆಲಸ ಶುರುವಾಗುತ್ತಿತ್ತು.

"ಎಲ್ಲರೂ ಕಣ್ಣು ಮುಚ್ಚಿ. ಎಲ್ಲಿಗೂ ಹೋಗಬೇಕಾಗಿಲ್ಲ. ಏನೂ ಮಾಡಬೇಕಾಗಿಲ್ಲ. ಗಂಟೆ ಕೇಳುವ ತನಕ ಸುಮ್ಮನೆ ಇರಿ," ಎಂದು ಜೇನಿನಲ್ಲಿ ಅದ್ದಿ ತೆಗೆದ ದನಿಯಲ್ಲಿ ಹೇಳುವುದು, ಎದುರಿಗೆ ಕೂತ ಗುಮಾಸ್ತರು, ಲೆಕ್ಕಿಗರು, ಮ್ಯಾನೇಜರುಗಳು ರೆಪ್ಪೆ ಮುಚ್ಚಿದ್ದೇ ತಡ, ಜೇಬಿನಿಂದ ಫೋನು ತೆಗೆಯುವುದು. ಮುಂದಿನ ಆಫೀಸಿಗೆ 'ದಾರಿಯಲ್ಲಿದ್ದೇನೆ' ಅಂತ ಒಂದು ಸಂದೇಶ. ಅದರ ಮುಂದಿನದಕ್ಕೆ 'ಇನ್ನೇನು ಬಂದೇಬಿಟ್ಟೆ' ಅಂತ ಇನ್ನೊಂದು. ಆಮೇಲೆ ಚೀಲದೊಳಗಿನ ಬನ್ನು. ಕಾಗದ ಸದ್ದಾಗದ ಹಾಗೆ ಬಿಚ್ಚಿ, ಬೆನ್ನು ತಿರುಗಿಸಿ, ಎರಡು ತುತ್ತಿಗೆ ಅದನ್ನು ಮುಗಿಸುವುದರಲ್ಲಿ ಅವನಿಗೆ ಕೈ ಪಳಗಿತ್ತು. ಒಂದು ಸಲ ಬನ್ನು ಗಂಟಲಿಗೆ ಸಿಕ್ಕಿ ಭಯಂಕರವಾಗಿ ಕೆಮ್ಮಿದ. ಕೆಮ್ಮಿದವನೇ, "ಈ ಶಬ್ದವನ್ನೂ ಗಮನಿಸಿ, ಬಿಟ್ಟುಬಿಡಿ," ಎಂದ. ವಿಮಾ ಕಚೇರಿಯ ಗುಮಾಸ್ತರು ಗಮನಿಸಿದರು, ಬಿಟ್ಟೂಬಿಟ್ಟರು. ಪಾಪ, ಅವರು ಬಿಡದೆ ಏನು ಮಾಡಿಯಾರು.

ದಿನದ ಗದ್ದಲದ ನಡುವೆ ನಿಲ್ಲುವುದನ್ನು ಕಲಿಸುವುದು ಅವನ ಕಸುಬು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರು ಬರೀ ಗಾದೆ ಕಟ್ಟಿ ಸುಮ್ಮನಾದರು. ಇವನು ಆ ಬಂಗಾರಕ್ಕೆ ಅಂಗಡಿಯನ್ನೇ ತೆರೆದ. ಬೆಳಿಗ್ಗೆ ಬ್ಯಾಂಕಿನಲ್ಲಿ ನಿಧಾನ, ಮಧ್ಯಾಹ್ನ ಆಸ್ಪತ್ರೆಯಲ್ಲಿ ನಿಧಾನ, ಸಂಜೆ ಟೈರು ಕಂಪನಿಯಲ್ಲಿ ನಿಧಾನ. ಒಂದು ನಿಧಾನದಿಂದ ಇನ್ನೊಂದು ನಿಧಾನಕ್ಕೆ ಸ್ಕೂಟರು ಹಾರಿಸಿಕೊಂಡು ಹೋಗುವಾಗ ಕೆಂಪು ದೀಪ ಬಿದ್ದರೆ ದೀಪಕ್ಕೇ ಬೈಯುತ್ತಿದ್ದ. "ಉಸಿರಾಡೋಕೂ ಪುರುಸೊತ್ತಿಲ್ಲ ಮಾರಾಯ," ಎಂದು ಸ್ನೇಹಿತರ ಹತ್ತಿರ ಹೇಳಿಕೊಳ್ಳುತ್ತಿದ್ದ. ಉಸಿರಾಡುವುದನ್ನೇ ಕಲಿಸುವವನ ಬಾಯಿಂದ ಈ ಮಾತು ಬಂದಾಗ ಸ್ನೇಹಿತರು ನಕ್ಕರೆ, ಯಾಕೆ ನಗುತ್ತಾರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಆಫೀಸುಗಳಲ್ಲಿ ಅವನಿಗೆ 'ಶಾಂತಿ ಸರ್' ಎಂಬ ಹೆಸರು, ಬಹುವಚನ, ಮೇಲೊಂದು ಹೂಗುಚ್ಛ. ಕೊಡಲಿ. ಮನೆಯೊಳಗಿನ ಕಥೆ ಹೇಳುವ ನಮಗೆ ಏಕವಚನ ಸಾಕು.

ಅವನಿಗೆ ಇನ್ನೊಂದು ರೋಗವಿತ್ತು. ಎದುರಿನವರು ಶುರು ಮಾಡಿದ ಮಾತನ್ನು ಇವನು ಮುಗಿಸಿಬಿಡುತ್ತಿದ್ದ. "ಸರ್, ಒಂದು ಕಪ್..." ಅಂದರೆ "ಟೀ ಬೇಡ, ಥ್ಯಾಂಕ್ಸ್." ಅವರು ಹೇಳಹೊರಟಿದ್ದದ್ದು, ಒಂದು ಕಪ್ ಬಿದ್ದು ಒಡೆದಿದೆ, ಚೂರು ನೋಡಿಕೊಂಡು ನಡೀರಿ ಅಂತ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅಷ್ಟಾಗಿಯೂ ತನ್ನನ್ನು ತಾನು ಬಹಳ ಚುರುಕು ಎಂದುಕೊಂಡಿದ್ದ. ಅರ್ಧ ಮಾತಿನಲ್ಲೇ ಪೂರ್ತಿ ಅರ್ಥ ಮಾಡಿಕೊಳ್ಳುವವನನ್ನು ಮತ್ತೇನು ಅನ್ನಬೇಕು?

ಇಂಥವನ ಮನೆಯಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು.

ಬಲಗಡೆಯ ಕೈಕಾಲು ಸೋತವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮಾತು ಹೋಗಲಿಲ್ಲ, ಆದರೆ ತುಂಡು ತುಂಡಾಯಿತು. ಒಂದು ಪದ ಬಂದರೆ ಮುಂದಿನದು ಎಲ್ಲೋ ಒಳಗೆ ಚಪ್ಪಲಿ ಹುಡುಕುತ್ತಾ ನಿಂತಿರುತ್ತಿತ್ತು. "ತಲೆಯೊಳಗೆ ಎಲ್ಲ ಸರಿಯಾಗಿದೆ, ಹೊರಗೆ ಬರೋದು ನಿಧಾನ. ನೀವು ಮಾಡಬೇಕಾದ್ದು ಒಂದೇ..." ಎಂದು ಡಾಕ್ಟರು ಶುರು ಮಾಡಿದ್ದರು. "ಮಾತ್ರೆ ತಪ್ಪಿಸಬಾರದು. ಗೊತ್ತಾಯ್ತು ಡಾಕ್ಟರ್," ಎಂದು ಇವನು ಎದ್ದುಬಿಟ್ಟ. ಕಾಯಬೇಕು ಎಂಬ ಮಾತು ಡಾಕ್ಟರ ಬಾಯಲ್ಲೇ ಉಳಿಯಿತು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಡೀ ಊರಿನ ಮಾತನ್ನು ಒಂದು ತೂತಿನಿಂದ ಇನ್ನೊಂದು ತೂತಿಗೆ ಚುಚ್ಚುತ್ತಾ ಆಯುಷ್ಯ ಕಳೆದವಳು. ಆ ಸಂಬಳದಲ್ಲೇ ಈ ಮನೆ ಕೊಂಡಳು, ಅದರಲ್ಲೇ ಮಗಳ ಮದುವೆ ಮಾಡಿದಳು, ಮಗನಿಗೆ ಕಾಲೇಜು ಓದಿಸಿದಳು. ಸಾವಿನ ಸುದ್ದಿ ಹೇಳಲು ಅಳುವವರು, ಹೆರಿಗೆಯ ಸುದ್ದಿಗೆ ಕೂಗಾಡುವವರು, ಸುಮ್ಮಸುಮ್ಮನೆ ಬೈಯುವವರು, ಎಲ್ಲರಿಗೂ ಅವಳದು ಒಂದೇ ಉತ್ತರ: "ಲೈನಲ್ಲಿರಿ." ಲಕ್ವ ಹೊಡೆದ ಮೇಲೆ ತೊದಲದೆ, ತಡವರಿಸದೆ ಅವಳ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಏನೇ ಹೇಳುವ ಮೊದಲು ಎಡಗೈ ಎತ್ತಿ, "ಲೈನಲ್ಲಿರಿ," ಎನ್ನುವಳು. ಆಮೇಲೆ ತುಟಿ ಅಲುಗಾಡಿಸುತ್ತಾ ಪದ ಹುಡುಕಲು ಕೂರುವಳು.

ಮಗ ಅದನ್ನು ಕಾಯಿಲೆಯ ಬಡಬಡಿಕೆ ಅಂತಲೇ ತೀರ್ಮಾನಿಸಿದ್ದ. "ಪಾಪ, ಹಳೇ ಅಭ್ಯಾಸ, ಬಾಯಿಗೆ ಬರುತ್ತೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅಷ್ಟರಲ್ಲಿ ಅಮ್ಮನಿಗೆ ಮೊದಲ ಪದ ಸಿಕ್ಕಿರುತ್ತಿತ್ತು. "ನೀ..." ಅಂದರೆ ನೀರು ತಂದುಕೊಡುವನು. "ಕಿಟ..." ಅಂದರೆ ಕಿಟಕಿ ಮುಚ್ಚುವನು. ಅವಳು ಕಣ್ಣು ಕೆಂಪು ಮಾಡಿದರೆ, ದೀಪ ಕಣ್ಣಿಗೆ ಚುಚ್ಚುತ್ತಿದೆ ಅಂತ ದೀಪ ಆರಿಸುವನು. ಹೀಗೆ ಅಮ್ಮ ಆಗಾಗ ಬೇಡದ ನೀರು ಕುಡಿದು, ಮುಚ್ಚಿದ ಕಿಟಕಿಯ ಹಿಂದೆ, ಕತ್ತಲಲ್ಲಿ ಕೂತಿರುತ್ತಿದ್ದಳು. ಮಗ ತನ್ನಂಥ ಮಗ ಇಲ್ಲ ಎಂದುಕೊಂಡು ಸ್ಕೂಟರ್ ಹತ್ತುತ್ತಿದ್ದ.

ಅವನ ಹೆಂಡತಿ ಬೀದಿಯ ಕೊನೆಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ವೈದ್ಯರ ಕೈಬರಹ ಓದಿ ಓದಿ ಅವಳಿಗೆ ತಾಳ್ಮೆ ಬಂದಿತ್ತು, ನಾಲಿಗೆಗೂ ಸ್ವಲ್ಪ ಖಾರ ಬಂದಿತ್ತು. ಗಂಡ ಹೊರಗೆ ಹೋದ ಮೇಲೆ ಕಿಟಕಿ ತೆಗೆಯುವುದು ಅವಳ ದಿನದ ಮೊದಲ ಕೆಲಸ. ಆ ಕಿಟಕಿ ಅತ್ತೆಯ ಜೀವ. ಕೆಳಗೆ ಬಸ್ ಸ್ಟಾಪು, ಎದುರಿಗೆ ಕ್ಷೌರದಂಗಡಿ, ಪಕ್ಕದಲ್ಲಿ ಚೌಕಾಸಿ ಮಾಡಿದವರನ್ನು ಬೈದೇ ಹಣ್ಣು ಕೊಡುವ ಗಾಡಿಯವಳು. ಯಾರು ಯಾವ ಬಸ್ಸಿಗೆ ಕಾದರು, ಯಾರು ಯಾರ ಜೊತೆ ಹತ್ತಿದರು, ಕ್ಷೌರದವನು ಯಾರ ತಲೆ ಕೆಡಿಸಿದ, ಎಲ್ಲ ಅತ್ತೆಗೆ ಗೊತ್ತಿರಬೇಕು. ಎಕ್ಸ್‌ಚೇಂಜ್ ಮುಚ್ಚಿದರೂ ಆಪರೇಟರಿಗೆ ರಜೆ ಇಲ್ಲ.

ಇಂಥದ್ದರಲ್ಲಿ ಅಕ್ಕ ಫೋನು ಮಾಡಿದಳು. ಅವಳಿದ್ದದ್ದು ಬೇರೆ ಊರಿನಲ್ಲಿ, ಎತ್ತರದ ಕಟ್ಟಡವೊಂದರ ಮೇಲ್ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಬೀಗ ಹಾಕಿಕೊಂಡು ಹೊರಟರೆ ಸಂಜೆಯವರೆಗೆ ಆ ಮನೆಯಲ್ಲಿ ಫ್ರಿಜ್ಜು ಬಿಟ್ಟರೆ ಮಾತಾಡುವವರಿಲ್ಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. "ಅಮ್ಮನ್ನ ನಾನು ಇಲ್ಲಿಗೆ ಕರೆಸ್ಕೋತೀನಿ ಕಣೋ. ನೀನು ದಿನವಿಡೀ ಓಡಾಡ್ತೀಯ, ನಿನ್ನ ಹೆಂಡತಿಗೂ ಅಂಗಡಿ ಕೆಲಸ. ಇಲ್ಲಿ ನೆಮ್ಮದಿಯಾಗಿ ಇರ್ತಾಳೆ. ಅಮ್ಮನ್ನೇ ಕೇಳು, ಏನಂತಾಳೆ?"

ಫೋನಿನ ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದ. ಅಮ್ಮ ನೆಟ್ಟಗೆ ಕೂತಳು. ಎಡಗೈ ಎತ್ತಿದಳು.

"ಲೈನಲ್ಲಿರಿ. ಅಲ್ಲಿ... ನಾನು..."

ಪದಕ್ಕಾಗಿ ಅವಳು ಕಣ್ಣು ಮುಚ್ಚಿ ಹುಡುಕುತ್ತಿದ್ದಳು. ಮಗ ಗಡಿಯಾರ ನೋಡಿದ. ಸಂಜೆಯ ನಿಧಾನಕ್ಕೆ ತಡವಾಗುತ್ತಿತ್ತು.

"ಅಲ್ಲಿ ನಾನು ಆರಾಮಾಗಿರ್ತೀನಿ ಅಂತಿದಾಳೆ ಅಕ್ಕ."

ಅತ್ತ ಅಕ್ಕ ಸಂತೋಷದಿಂದ ಆಗಲೇ ಕಾರಿನ ಮಾತೆತ್ತಿದಳು. ಇತ್ತ ಅಮ್ಮ ಎತ್ತಿದ ಕೈಯನ್ನು ಹಾಗೇ ಹಿಡಿದು ಮಗನ ಮುಖ ನೋಡುತ್ತಾ ಕೂತಳು. ಸುಳ್ಳು ಯಾಕೆ, ಮಗನಿಗೂ ಒಳಗೊಳಗೇ ಹಗುರವಾಯಿತು. ಹಗುರವಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು, ಆದರೆ ನಾಚಿಕೆ ಪಡುವುದಕ್ಕೂ ಒಂದಿಷ್ಟು ಪುರುಸೊತ್ತು ಬೇಕಲ್ಲ. ಭಾನುವಾರದ ಹೊತ್ತಿಗೆ ಕಾರು ಕಳಿಸುವುದು ಎಂದಾಯಿತು.

ಅಲ್ಲಿಯವರೆಗೆ ಅಮ್ಮನಿಗೆ ಏನಾದರೂ ಮಾಡಬೇಕು ಅನ್ನಿಸಿತು ಅವನಿಗೆ. ಕೂತು ಮಾತಾಡಬಹುದಿತ್ತು. ಅದರ ಬದಲು ತನ್ನ ಹಳೆಯ ಫೋನಿನಲ್ಲಿ ತನ್ನದೇ ಪಾಠದ ಧ್ವನಿಮುದ್ರಣ ಹಾಕಿ ಕೊಟ್ಟ. ಆ ಪಾಠಕ್ಕೆ ಊರಲ್ಲಿ ಬಹಳ ಬೇಡಿಕೆ. ನಾಲ್ಕು ಮಾತು, ಆಮೇಲೆ ಒಂದು ದೀರ್ಘ ಮೌನ. ಮತ್ತೆ ನಾಲ್ಕು ಮಾತು, ಮತ್ತೆ ಮೌನ. 'ಈ ಮೌನದಲ್ಲಿ ಯಾರೋ ನಮ್ಮ ಜೊತೆ ಕೂತ ಹಾಗೆ ಅನ್ನಿಸುತ್ತೆ ಸರ್' ಎಂದು ಆಸ್ಪತ್ರೆಯ ನರ್ಸ್ ಒಬ್ಬಳು ಕಣ್ಣೊರೆಸಿಕೊಂಡಿದ್ದಳಂತೆ. ನಿಜ ಹೇಳಬೇಕೆಂದರೆ, ಅದನ್ನು ಮುದ್ರಿಸುವಾಗ ಆ ಮೌನದಲ್ಲಿ ಯಾರೂ ಕೂತಿರಲಿಲ್ಲ. ನಾಲ್ಕು ಮಾತು ಆಡಿ, ಯಂತ್ರವನ್ನು ಹಾಗೇ ಓಡಲು ಬಿಟ್ಟು, ಇವನು ಕೆಳಗೆ ಹೋಗಿ ಸ್ಕೂಟರಿನ ಗಾಳಿ ನೋಡಿಕೊಂಡು ಬಂದಿದ್ದ. ಎರಡನೆಯ ಮೌನದಲ್ಲಿ ಸ್ನಾನ ಮುಗಿಸಿದ್ದ. ಕಿವಿಗೊಟ್ಟು ಕೇಳಿದರೆ ಬಾಗಿಲು ಹಾಕಿಕೊಂಡ ಸದ್ದು ಸಣ್ಣಗೆ ಕೇಳಿಸುತ್ತದೆ.

"ನಿಮ್ಮಮ್ಮನಿಗೂ ಅದೇ ಸರಕಾ?" ಎಂದಳು ಹೆಂಡತಿ.

"ಮನಸ್ಸಿಗೆ ಸಮಾಧಾನ ಆಗುತ್ತೆ ಕಣೇ. ಊಟ ಆದ್ಮೇಲೆ ಹಾಕಿಕೊಡು ಸಾಕು."

ಹೆಂಡತಿ ದಿನಾ ಮಧ್ಯಾಹ್ನ ಅಂಗಡಿಯಿಂದ ಬಂದು ಊಟ ಮಾಡಿಸಿ, ಕಿಟಕಿಯ ಕಟ್ಟೆಯ ಮೇಲೆ ಫೋನು ಇಟ್ಟು, ಒತ್ತಿ, ಅಡುಗೆಮನೆಗೆ ಹೋಗುವಳು. ಮೊದಮೊದಲು ಏನೂ ಇರಲಿಲ್ಲ. ಒಂದು ದಿನ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಅವತ್ತು ಸಂಜೆ ಗಂಡ ಬೂಟು ಬಿಚ್ಚುವ ಮೊದಲೇ ಶುರು ಮಾಡಿದಳು.

"ರೀ, ನೀವೇ ಒಂದ್ಸಲ ಕೂತು ಕೇಳ್ಬೇಕು. ಅತ್ತೆ ಆ ಫೋನ್ ಹಾಕಿದ್ರೆ..."

"ನಿದ್ದೆ ಹೋಗ್ತಾರೆ. ಎಲ್ಲರಿಗೂ ಹಾಗೇ ಆಗುತ್ತೆ, ಒಳ್ಳೇದೇ."

"ನಿದ್ದೆ ಅಲ್ಲ ರೀ, ಅವರು ಅದರ ಜೊತೆ..."

"ಉಸಿರಾಡ್ತಾರೆ. ಗೊತ್ತು ಬಿಡು, ನಾನೇ ತಾನೇ ಮಾಡಿದ್ದು."

ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತು ಅವನನ್ನೇ ನೋಡಿದಳು. "ಈ ಮನೇಲಿ ಒಂದು ವಾಕ್ಯ ಪೂರ್ತಿ ಹೇಳೋ ಭಾಗ್ಯ ಯಾರಿಗೂ ಬರಲ್ಲ," ಎಂದು ಒಳಗೆ ಹೋದಳು. ಆ ವಾಕ್ಯವನ್ನು ಮಾತ್ರ ಅವನು ಪೂರ್ತಿ ಕೇಳಿಸಿಕೊಂಡ. ಅರ್ಥ ಮಾಡಿಕೊಳ್ಳಲಿಲ್ಲ.

ಭಾನುವಾರ ಬಂತು. ಭಾನುವಾರವೂ ಅವನಿಗೆ ನಿಧಾನವಿತ್ತು. ಪಕ್ಕದ ಬೀದಿಯ ಲೆಕ್ಕಪರಿಶೋಧಕರ ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ ನಡೆಯುತ್ತಿದ್ದರಿಂದ ಅವರಿಗೆ ರಜೆಯಿಲ್ಲ, ಹಾಗಾಗಿ ಇವನಿಗೂ ಇಲ್ಲ. ಹೆಂಡತಿ ಅಂಗಡಿಗೆ ರಜೆ ಹಾಕಿ ಅತ್ತೆಯ ಬಟ್ಟೆಬರೆ ಜೋಡಿಸುತ್ತಿದ್ದಳು. ಕಾರು ಮಧ್ಯಾಹ್ನಕ್ಕೆ ಬರುವುದಿತ್ತು. ಹೊರಡುವಾಗ ಅವನು ಅಮ್ಮನ ಕಾಲು ಮುಟ್ಟಿ, "ಕಾರು ಬರೋಷ್ಟರಲ್ಲಿ ಬಂದ್ಬಿಡ್ತೀನಮ್ಮ," ಎಂದ. ಅಮ್ಮ ಕೈ ಎತ್ತಿ, "ಲೈನಲ್ಲಿರು," ಎಂದಳು. "ಆಯ್ತು, ಆಯ್ತು," ಎಂದು ಅವನು ಮೆಟ್ಟಿಲಿಳಿದೇಬಿಟ್ಟ.

ಲೆಕ್ಕಪರಿಶೋಧಕರು ಹಾಲ್‌ನಲ್ಲಿ ಸಾಲಾಗಿ ಕೂತಿದ್ದರು. ಕಣ್ಣ ಕೆಳಗೆಲ್ಲ ಕಪ್ಪು. ಅವರ ಹಿರಿಯ ಪಾಲುದಾರರು ಮೊದಲೇ ತಾಕೀತು ಮಾಡಿದ್ದರು: ಗಂಟೆ ಕೇಳುವವರೆಗೆ ಯಾರೂ ಕಣ್ಣು ಬಿಡಬಾರದು. ಹೇಳಿಕೇಳಿ ಲೆಕ್ಕದ ಜನ. ನಿಯಮ ಅಂದರೆ ನಿಯಮ. ಶಾಂತಿ ಸರ್ ಜೇನುದನಿ ತೆಗೆದ. ಎಲ್ಲರೂ ಕಣ್ಣು ಮುಚ್ಚಿದರು. ಇವನು ಬನ್ನಿಗೆಂದು ಚೀಲಕ್ಕೆ ಕೈ ಹಾಕಿದ. ಬನ್ನು ಇತ್ತು. ಗಂಟೆ ಇರಲಿಲ್ಲ.

ಚೀಲ ತಲೆಕೆಳಗು ಮಾಡಿದರೂ ಇಲ್ಲ. ಅಂಗೈಯಗಲದ ಹಿತ್ತಾಳೆಯ ಗಂಟೆ, ಅದಿಲ್ಲದೆ ಪಾಠ ಮುಗಿಯುವುದಿಲ್ಲ. ಚಪ್ಪಾಳೆ ತಟ್ಟಬಹುದಿತ್ತು. 'ಕಣ್ಣು ಬಿಡ್ರಪ್ಪಾ' ಅನ್ನಬಹುದಿತ್ತು. ಆದರೆ ಆ ಬುದ್ಧಿ ಬರಬೇಕಾದರೆ ಮನುಷ್ಯ ಒಂದು ಗಳಿಗೆ ನಿಂತು ಯೋಚಿಸಬೇಕು. "ಇವತ್ತು... ಇನ್ನಷ್ಟು ಆಳಕ್ಕೆ ಹೋಗೋಣ," ಎಂದು ಉಸುರಿ, ತುದಿಗಾಲಲ್ಲಿ ಬಾಗಿಲು ದಾಟಿ, ಮನೆಯ ಕಡೆಗೆ ಓಟ ಕಿತ್ತ. ದಾರಿಯುದ್ದಕ್ಕೂ ಬೈದುಕೊಳ್ಳುತ್ತಲೇ ಬಂದ. ಗಂಟೆಗೆ, ಹೆಂಡತಿಗೆ, ತನಗೆ, ದಾರಿಗೆ ಅಡ್ಡ ಬಂದ ನಾಯಿಗೆ.

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವನಿಗೆ ಯಾರೋ ಗಂಡಸು ಅಮ್ಮನ ಜೊತೆ ಮಾತಾಡುತ್ತಿರುವುದು ಕೇಳಿಸಿತು. ಎಷ್ಟು ಮೃದುವಾದ ದನಿ! ಯಾರೋ ಬಲು ಸಾವಧಾನದ ಮನುಷ್ಯ ಇರಬೇಕು ಎಂದುಕೊಂಡ. ಆಮೇಲೆ ತಿಳಿಯಿತು, ಅದು ತಾನೇ.

"...ನಾನು ಇಲ್ಲೇ ಇದ್ದೇನೆ," ಎನ್ನುತ್ತಿತ್ತು ಕಿಟಕಿಯ ಕಟ್ಟೆಯ ಮೇಲಿನ ಫೋನು. "ಯಾವ ಆತುರವೂ ಇಲ್ಲ. ನಿಮ್ಮೊಳಗೆ ಏನಿದೆಯೋ ಅದು ಬರಲಿ."

ಮೌನ. ಅಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಎಡಗೈ ಎತ್ತಿದಳು.

"ಲೈನಲ್ಲಿರು. ಅಲ್ಲಿ..."

'ಆರಾಮಾಗಿರ್ತೀನಿ' ಎಂಬ ಮಾತು ಮಗನ ನಾಲಿಗೆಯ ತುದಿಗೆ ಬಂದು ಕೂತಿತು. ಆದರೆ ಓಡಿಬಂದ ಏದುಸಿರಿಗೆ ದನಿ ಹೊರಡಲಿಲ್ಲ. ದೇವರು ದೊಡ್ಡವನು.

"ಅಲ್ಲಿ... ನಾನು... ಯಾರನ್ನ..." ಅಮ್ಮ ತಡಕಿದಳು. ಫೋನು ಕಾಯಿತು. ಕೆಳಗೆ ಬಸ್ಸೊಂದು ಬಂತು, ಜನ ಹತ್ತಿದರು, ಬಸ್ಸು ಹೋಯಿತು. "...ನೋಡ್ಕೊಂಡು... ಕೂರ್ಲಿ? ಗೋಡೆ... ನೋಡ್ಲಾ?"

ಫೋನು ಏನೂ ಹೇಳಲಿಲ್ಲ. ನೀರು ತರಲಿಲ್ಲ, ಕಿಟಕಿ ಮುಚ್ಚಲಿಲ್ಲ.

"ನನ್ನ... ಮನೆ... ಇದು. ಹೆಡ್‌ಫೋನ್ ಹಾಕಿ... ಹಾಕಿ... ಕಿವಿ... ಸವೆಸಿ... ತಗೊಂಡಿದ್ದು." ಅವಳು ಉಸಿರು ತೆಗೆದುಕೊಂಡಳು. "ನನ್ನನ್ನ... ಒಂದು ಮಾತು... ಕೇಳ್ಬೇಕೋ... ಬೇಡ್ವೋ?"

ಮಗ ಬಾಗಿಲಲ್ಲೇ ನಿಂತುಬಿಟ್ಟ. ಕಾಯಿಲೆ ಬಿದ್ದಾಗಿನಿಂದ ಅಮ್ಮ ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅವಳಿಗೆ ಬರುವುದಿಲ್ಲ ಎಂದುಕೊಂಡಿದ್ದ. ಬರುತ್ತಿತ್ತು, ಬರುವ ದಾರಿಯಲ್ಲಿ ಇವನು ನಿಂತಿರುತ್ತಿದ್ದ. ಮೊದಲು ನಾಚಿಕೆಯಾಯಿತು. ಅದರ ಬೆನ್ನಿಗೇ, ಹೇಳಿದರೆ ನಗುತ್ತೀರಿ, ಆ ಫೋನಿನ ಮೇಲೆ ಹೊಟ್ಟೆಕಿಚ್ಚಾಯಿತು. ತನ್ನ ದನಿಯ ಮೇಲೇ! ತಾನು ಎದ್ದುಹೋಗಿ ಸ್ನಾನ ಮಾಡಿಕೊಂಡು ಬಂದ ಮೌನ ಅದು, ಬರೀ ಖಾಲಿ ಕೋಣೆ. ಆ ಖಾಲಿ ಕೋಣೆ ಅಮ್ಮನಿಗೆ ಮಗನಿಗಿಂತ ಮೇಲಾಗಿತ್ತು. ಅಷ್ಟರಲ್ಲಿ ಫೋನಿನಿಂದ ಬಾಗಿಲು ಹಾಕಿಕೊಂಡ ಆ ಸಣ್ಣ ಸದ್ದು ಕೇಳಿಸಿತು. ಅವನಿಗೆ ಕಣ್ಣಲ್ಲಿ ನೀರು ಬಂತು.

ಜೇಬಿನಲ್ಲಿ ಅವನ ಫೋನು ಗುಂಯ್‌ಗುಡತೊಡಗಿತು. ಆಳಕ್ಕೆ ಹೋದವರ ಕಡೆಯಿಂದ ಇರಬೇಕು. ಒಂದು ಹಾಲ್ ತುಂಬ ಲೆಕ್ಕಪರಿಶೋಧಕರು ಗಂಟೆ ಕೇಳುವವರೆಗೆ ಕಣ್ಣು ಬಿಡುವಂತಿಲ್ಲ. ಯಾರೋ ಒಬ್ಬ ಕುರುಡುಗೈಯಲ್ಲೇ ನಂಬರ್ ಒತ್ತಿರಬೇಕು. ಕೆಳಗೆ ಕಾರಿನ ಹಾರ್ನ್ ಆಯಿತು. ಅಕ್ಕನ ಕಾರು, ಹೇಳಿದ್ದಕ್ಕಿಂತ ಬೇಗ. ನಿಂತು ಕಾಯುವ ಗುಣ ಆ ಮನೆತನದ ಮಕ್ಕಳಿಗೆ ಹುಟ್ಟಿನಿಂದಲೇ ಇರಲಿಲ್ಲ.

"ಈಗ ನಿಧಾನವಾಗಿ ಕಣ್ಣು ತೆರೆಯಿರಿ," ಎಂದು ಕಟ್ಟೆಯ ಮೇಲಿನ ಶಾಂತಿ ಸರ್ ಹೇಳಿ ಮುಗಿಸಿದರು. ಅವರಿಗೆ ಬಹುವಚನ ಕೊಡಬೇಕಾದ್ದೇ.

ಅಮ್ಮ ತಿರುಗಿ ನೋಡಿದಳು. ಅವಳ ಮಡಿಲಲ್ಲಿ ಹಿತ್ತಾಳೆಯ ಗಂಟೆ ಇತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ಹೆಂಡತಿ ಕೈಕಟ್ಟಿ ನಿಂತಿದ್ದಳು. ಚೀಲದಿಂದ ಗಂಟೆ ತೆಗೆದವರು ಯಾರು, ಊಟದ ನಂತರದ ಪಾಠ ಬೆಳಿಗ್ಗೆಯೇ ಶುರುವಾದದ್ದು ಹೇಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

"ಅಮ್ಮ, ನಾನು..." ಎಂದು ಮಗ ಶುರು ಮಾಡಿದ.

ಎಡಗೈ ಮೇಲೆದ್ದಿತು.

"ಲೈನಲ್ಲಿರು."

ಅವನು ಬಾಯಿ ಮುಚ್ಚಿದ. ಜೇಬಿನ ಫೋನು ಬಡಿದುಕೊಳ್ಳುತ್ತಿತ್ತು, ತೆಗೆಯಲಿಲ್ಲ. ಕೆಳಗೆ ಹಾರ್ನ್ ಮತ್ತೆ ಆಯಿತು, ಉದ್ದಕ್ಕೆ, ಕಿಟಕಿಗೆ ಹೋಗಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ನಾಲಿಗೆಯ ಮೇಲೆ ಒಂದರ ಹಿಂದೊಂದು ಮಾತು ಬಂದು ನೂಕಾಡಿದವು: ಬೇಜಾರಾ, ಕೋಪಾನಾ, ನೀರು ಬೇಕಾ, ತಪ್ಪಾಯ್ತು ಅಂತ ಹೇಳಲಾ. ಒಂದೊಂದನ್ನೂ ನುಂಗಿದ. ಬನ್ನು ನುಂಗುವುದು ಎಷ್ಟೋ ಸುಲಭವಿತ್ತು. ಕೊನೆಗೆ ಅಮ್ಮನ ಮುಂದೆ ನೆಲದ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಊರಿಗೆಲ್ಲ ಕಲಿಸಿದ ಪಾಠ ಇಷ್ಟು ಕಷ್ಟದ್ದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಮ್ಮ ಅವಸರ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ ಅಂತ ನಮ್ಮ ಅನುಮಾನ. ಪದಗಳನ್ನು ಒಂದೊಂದಾಗಿ ಹುಡುಕಿ, ತೂಗಿ, ಪಕ್ಕಪಕ್ಕ ಇಟ್ಟಳು.

"ನಾನು... ಹೋಗಲ್ಲ... ಅಂತ... ದಿನಾ... ಮಧ್ಯಾಹ್ನ... ಅವನಿಗೆ... ಹೇಳ್ತಾ ಇದೀನಿ."

ಫೋನಿನ ಕಡೆ ಗದ್ದ ಎತ್ತಿ ತೋರಿಸಿದಳು. ಬಾಯಿಯ ಒಂದು ಬದಿ ಕಾಯಿಲೆಯಿಂದ ಸೊಟ್ಟಗಿತ್ತು, ಇನ್ನೊಂದು ಬದಿ ನಗುವಿನಿಂದ.

"ಯಾಕೋ... ಅವನು... ನಿಂಗೆ... ಹೇಳ್ಲೇ ಇಲ್ವಾ?"